ತಣ್ಣೀರ ವ್ರತ

ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಯಾರಿಗೂ ಮೂರ್ಛೆ ರೋಗವಿಲ್ಲ. ಅದರ ಮೇಲೆಯೇ ಸಂಶೋಧನೆ ಮಾಡುತ್ತ ಇಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವಳು ನಾನು, ಆದ್ದರಿಂದ ಈ ಮಾತನ್ನು ಅಧಿಕಾರದಿಂದ ಹೇಳಬಲ್ಲೆ. ಬೇಕಾದರೆ ಯಾವ ಮನೆಗಾದರೂ ಹೋಗಿ ಕೇಳಿ. "ನಮ್ಮನ್ಯಾಗ ಯಾರಿಗೂ ಇಲ್ರಿ" ಎನ್ನುತ್ತಾರೆ. ಆಮೇಲೆ ಚಹಾ ಕೊಟ್ಟು, ದನಿ ತಗ್ಗಿಸಿ, "ಬಾಜೂ ಮನ್ಯಾಗ ಕೇಳ್ರಿ" ಎನ್ನುತ್ತಾರೆ. ಬಾಜೂ ಮನೆಯವರು ಅದರಾಚೆಯ ಮನೆಗೆ ಕೈ ತೋರಿಸುತ್ತಾರೆ. ಹೀಗೆ ತೋರಿಸಿದಲ್ಲೆಲ್ಲ ಚಹಾ ಕುಡಿಯುತ್ತ ಹೋದರೆ ಊರ ಹೊರಗಿನ ಹಳ್ಳ ಸಿಗುತ್ತದೆ, ರೋಗಿ ಸಿಗುವುದಿಲ್ಲ.

ನಾನು ಹುಟ್ಟಿದ್ದು ಇಳಕಲ್ಲಿನ ನೇಕಾರರ ಓಣಿಯಲ್ಲಿ. ಈಗ ಕೆಲಸ ಬಾಗಲಕೋಟೆಯ ನವನಗರದಲ್ಲಿ, ಒಂದು ದವಾಖಾನೆಗೆ ಅಂಟಿಕೊಂಡ ಪ್ರಯೋಗಶಾಲೆಯಲ್ಲಿ. ಹೆಸರಿನ ಹಿಂದೆ ಡಾಕ್ಟರ್ ಅಂತ ಇದೆ, ಆದರೆ ನಾನು ಔಷಧ ಬರೆಯುವ ಡಾಕ್ಟರ್ ಅಲ್ಲ, ಮಿದುಳಿನ ವಿಜ್ಞಾನ ಓದಿದವಳು. ಈ ವ್ಯತ್ಯಾಸವನ್ನು ಓಣಿಗೆ ತಿಳಿಸಲು ಹೋಗಿ ನಾನು ಮರ್ಯಾದೆ ಕಳೆದುಕೊಂಡೆ.

"ಸೂಜಿ ಹಾಕ್ತೀಯೇನು?" ಎಂದು ಎದುರುಮನೆಯ ಮುದುಕಿ ಕೇಳಿದಳು.

"ಇಲ್ಲ."

"ಗುಳಿಗಿ ಬರದು ಕೊಡ್ತೀಯೇನು?"

"ಇಲ್ಲ."

"ಮತ್ತ ಇಷ್ಟು ವರ್ಷ ಎದಕ ಓದಿದಿ ತಂಗಿ, ಪಾಪ."

ನನ್ನ ಸಂಶೋಧನೆಯ ವಿಷಯ, ಮೂರ್ಛೆ ಹೇಗೆ ಶುರುವಾಗುತ್ತದೆ ಎಂಬುದು. ಹೇಗೆ ಮುಗಿಯುತ್ತದೆ ಎಂಬುದರಲ್ಲಿ ನಮ್ಮ ಮಂದಿ ಆಗಲೇ ಪಂಡಿತರು. ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಬಿದ್ದು ಒದ್ದಾಡತೊಡಗಿದರೆ ಅರ್ಧ ಮಂದಿ ಕೀಲಿಕೈ ಹುಡುಕುತ್ತಾರೆ, ಉಳಿದರ್ಧ ಮಂದಿ ಚಪ್ಪಲಿ ಬಿಚ್ಚುತ್ತಾರೆ. ಕೈಯಲ್ಲಿ ಕಬ್ಬಿಣ ಹಿಡಿಸಬೇಕು, ಮೂಗಿಗೆ ಉಳ್ಳಾಗಡ್ಡಿ, ಅದು ಸಿಗದಿದ್ದರೆ ಚಪ್ಪಲಿ. ತಲೆ ಕಲ್ಲಿಗೆ ಬಡಿಯದಂತೆ ಕೆಳಗೊಂದು ಟವೆಲ್ ಇಟ್ಟು, ಪಕ್ಕಕ್ಕೆ ಹೊರಳಿಸಿ, ಸುಮ್ಮನೆ ಕಾಯಬೇಕು ಎಂದು ನಾನು ಕೂಗಿದರೆ, ಬರಿಗೈಯಲ್ಲಿ ನಿಂತು ಭಾಷಣ ಮಾಡುವ ಹೆಂಗಸು ಯಾರು ಎಂದು ನೋಡುತ್ತಾರೆ. ಸ್ವಲ್ಪ ಹೊತ್ತಿಗೆ ಅದು ತಾನಾಗಿಯೇ ನಿಲ್ಲುತ್ತದೆ. ಕೀರ್ತಿ ಚಪ್ಪಲಿಗೆ ಹೋಗುತ್ತದೆ.

ಶುರುವಾಗುವ ಬಗೆಯನ್ನು ನಾನು ಓಣಿಯವರಿಗೆ ಮಗ್ಗದ ಲೆಕ್ಕದಲ್ಲಿ ಹೇಳುತ್ತೇನೆ. ಓಣಿಯ ತುಂಬ ಮಗ್ಗಗಳು, ಒಂದೊಂದಕ್ಕೂ ಅದರದೇ ಬಡಿತ. ಎಲ್ಲ ಸೇರಿ ಕೇಳಿದರೆ ಗದ್ದಲ, ಆದರೆ ಆ ಗದ್ದಲದಲ್ಲೇ ಸೀರೆಗಳು ತಯಾರಾಗುತ್ತವೆ. ಮಿದುಳೂ ಹಾಗೆಯೇ. ಒಂದು ದಿನ ಯಾವುದೋ ಮೂಲೆಯ ನಾಲ್ಕು ಮಗ್ಗ ಒಂದೇ ತಾಳಕ್ಕೆ ಬಡಿಯತೊಡಗಿ, ಪಕ್ಕದವೂ ಅದನ್ನೇ ಹಿಡಿದು, ಇಡೀ ಓಣಿ ಒಂದೇ ಏಟಿಗೆ ಬಡಿದರೆ ಯಾವ ಸೀರೆಯೂ ಆಗುವುದಿಲ್ಲ, ಗೋಡೆಗಳು ನಡುಗುತ್ತವೆ ಅಷ್ಟೆ. ಆ ಮೊದಲ ನಾಲ್ಕು ಮಗ್ಗ ಯಾಕೆ ಜೊತೆಗೂಡಿದವು? ಅದನ್ನು ಹುಡುಕುವುದೇ ನನ್ನ ಹೊಟ್ಟೆಪಾಡು. ಇನ್ನೂ ಪೂರ್ತಿ ಸಿಕ್ಕಿಲ್ಲ. ಸಿಕ್ಕಿದ್ದರೆ ಇಲ್ಲಿ ಕುಳಿತು ಮಂದಿಯನ್ನು ಆಡಿಕೊಳ್ಳುತ್ತಿರಲಿಲ್ಲ.

ಮೂರ್ಛೆಗಳಲ್ಲಿ ನಾನು ಹಿಡಿದುಕೊಂಡದ್ದು ಒಂದು ವಿಶೇಷ ಬಗೆಯನ್ನು, ತಲೆಯ ಮೇಲೆ ಬಿಸಿನೀರು ಸುರಿದಾಗ ಬರುವುದನ್ನು. ಬೇರೆಯವು ಹೇಳಿ ಬರುವುದಿಲ್ಲ, ಇದು ನೆಟ್ಟಗೆ ಬಚ್ಚಲಿಗೆ ಬರುತ್ತದೆ, ಹಾಗಾಗಿ ಶುರುವಾಗುವುದನ್ನು ನೋಡಬಯಸುವವರಿಗೆ ಇದು ವರ. ಹೊರದೇಶಗಳಲ್ಲಿ ಅಪರೂಪ. ನಮ್ಮಲ್ಲಿ ಅಷ್ಟು ಅಪರೂಪವಲ್ಲ. ಹಬ್ಬ ಬಂತೆಂದರೆ ಹಂಡೆಯಲ್ಲಿ ಕಾದ ನೀರನ್ನು ತಂಬಿಗೆಯ ಮೇಲೆ ತಂಬಿಗೆ ನೆತ್ತಿಗೆ ಸುರಿಯುವ ಪ್ರೀತಿ ಬೇರೆ ಯಾರಿಗಿದೆ? ಮೈ ಕೆಂಪಾಗದಿದ್ದರೆ ಅದು ಜಳಕವಲ್ಲ, ಮಗು ಚೀರದಿದ್ದರೆ ಎರೆದವಳಿಗೆ ಸಮಾಧಾನವಿಲ್ಲ.

ಇದನ್ನು ನೋಡಬೇಕಾದರೆ ರೋಗಿಯ ಒಪ್ಪಿಗೆ ಪಡೆದು, ತಲೆಗೆ ತಂತಿಗಳನ್ನು ಅಂಟಿಸಿ, ಡಾಕ್ಟರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ನೀರು ಹಾಕಬೇಕು. ಅದಕ್ಕೆ ಪ್ರಯೋಗಶಾಲೆಗೆ ಒಂದು ಬಚ್ಚಲು, ಒಂದು ಹಂಡೆ, ಒಂದು ತಂಬಿಗೆ ಬೇಕೆಂದು ಮೇಲಿನವರಿಗೆ ಬರೆದೆ. ಪರದೇಶದ ಯಂತ್ರಕ್ಕೆ ಕಣ್ಣು ಮುಚ್ಚಿ ಸಹಿ ಹಾಕಿದವರು ತಂಬಿಗೆಯ ಹತ್ತಿರ ಬಂದು ಎಚ್ಚೆತ್ತರು. ಸಂಶೋಧನೆಗೂ ತಂಬಿಗೆಗೂ ಇರುವ ಸಂಬಂಧವನ್ನು ವಿವರಿಸತಕ್ಕದ್ದು ಎಂದು ಉತ್ತರ ಬಂತು. ವಿವರಿಸಿದೆ. ಕೊನೆಗೆ ಬಚ್ಚಲು ತಯಾರಾದಾಗ ದೊಡ್ಡ ಊರಿನಿಂದ ಬಂದ ವಿಜ್ಞಾನಿಗಳು ಹಂಡೆಯ ಜೊತೆ ನಿಂತು ಫೋಟೊ ತೆಗೆಸಿಕೊಂಡರು. ಅವರು ಹೋದ ಮೇಲೆ ಅದನ್ನು ಹೆಚ್ಚಾಗಿ ಬಳಸಿದವರು ಹಾಸ್ಟೆಲಿನ ಹುಡುಗರು, ಅಲ್ಲಿ ಗೀಜರ್ ಕೆಟ್ಟಿತ್ತು.

ರೋಗಿಗಳು ಬರುವುದಿಲ್ಲವಾದರೆ ನಾವೇ ಹೋಗೋಣವೆಂದು ಬಾದಾಮಿಯಲ್ಲಿ ಶಿಬಿರ ಮಾಡಿದೆವು. ಶಾಮಿಯಾನ ತುಂಬಿತ್ತು. ಜಳಕ ಮಾಡುವಾಗ ಕಣ್ಣು ಮಂಜಾಗುವುದು, ಮಾತು ನಿಲ್ಲುವುದು, ಬೀಳುವುದು, ಹೀಗೆ ಯಾರಿಗಾದರೂ ಆಗುತ್ತದೆಯೇ ಎಂದು ಮೈಕಿನಲ್ಲಿ ಕೇಳಿದೆ. ಯಾರೂ ಕೈ ಎತ್ತಲಿಲ್ಲ. ಗಂಡಂದಿರು ಹೆಂಡತಿಯರನ್ನು ನೋಡಿದರು, ಹೆಂಡತಿಯರು ನೆಲ ನೋಡಿದರು. ಕೊನೆಗೆ ಒಬ್ಬ ಯಜಮಾನರು ಎದ್ದು ನಿಂತು, "ಊಟ ಇಲ್ಲೇ ಐತೇನ್ರಿ?" ಎಂದು ಕೇಳಿದರು.

ಇಷ್ಟೆಲ್ಲ ಅಲೆದವಳಿಗೆ ಮೊದಲ ರೋಗಿ ಸಿಕ್ಕಿದ್ದು ನನ್ನ ತವರಿನಲ್ಲೇ, ನನ್ನ ಅಣ್ಣನ ಮಗಳು. ಅವಳು ಶಾಲೆಗೆ ಹೋಗುತ್ತಿದ್ದ ದಿನಗಳಲ್ಲಿ, ಒಂದು ದೀಪಾವಳಿಯ ಬೆಳಿಗ್ಗೆ ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ಅವಳ ತಲೆಗೆ ಎರೆಯುತ್ತಿದ್ದಾಗ ಹುಡುಗಿ ಗೋಡೆ ನೋಡುತ್ತ ಸುಮ್ಮನಾದಳು, ತುಟಿ ಚಪ್ಪರಿಸಿದಳು, ಬಿದ್ದಳು. ಮನೆಯವರು ನನಗೆ ಹೇಳಿದ್ದು ತಿಂಗಳುಗಳ ಮೇಲೆ, ಒಬ್ಬ ತಾಯಿತದವನು ಎರಡು ಕೋಳಿ, ಒಂದು ಟಗರು ತಿಂದು ಮುಗಿಸಿದ ನಂತರ. ನಾನು ಅವಳನ್ನು ಬಾಗಲಕೋಟೆಗೆ ಕರೆತಂದೆ. ನಮ್ಮ ಡಾಕ್ಟರು ಗುಳಿಗೆ ಕೊಟ್ಟು, ನೀರು ಉಗುರುಬೆಚ್ಚಗಿರಲಿ, ನೆತ್ತಿಗೆ ಸುರಿಯಬೇಡಿ ಎಂದರು. ಅಂದಿನಿಂದ ಅವಳಿಗೆ ಮತ್ತೆ ಬಂದಿಲ್ಲ. ಇದು ಎಷ್ಟೋ ಮನೆಗಳಲ್ಲಿ ವಂಶದಲ್ಲಿ ಹರಿದು ಬರುತ್ತದೆ, ಹಾಗಾಗಿ ಆಗ ಮನೆಯವರನ್ನೆಲ್ಲ ಕೂಡಿಸಿ ಹಿರಿಯರಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳಿದ್ದೆ. ಅವ್ವ ನೂಲಿನ ಸಿಕ್ಕು ಬಿಡಿಸುತ್ತ ಕುಳಿತಿದ್ದಳು.

"ನಮ್ಮ ಮನಿತನದಾಗ ಯಾರಿಗೂ ಇಲ್ಲ" ಎಂದಳು. ಬರೆದುಕೊಂಡೆ.

ಅವ್ವನ ಮಾತನ್ನು ಅನುಮಾನಿಸುವುದು ಹೇಗೆ? ಅವಳು ನಮ್ಮ ಓಣಿಯ ಪುಣ್ಯವಂತೆ. ಸೊಸೆಯಾಗಿ ಬಂದ ಹೊಸತರಲ್ಲಿ ಬನಶಂಕರಿಗೆ ಹರಕೆ ಹೊತ್ತು ಬಿಸಿನೀರು ಬಿಟ್ಟವಳು. ಚಳಿಗಾಲದ ಬೆಳಿಗ್ಗೆ, ಮಗ್ಗ ನೇಯುವ ಕೈಗಳೇ ಮರಗಟ್ಟುವ ಹೊತ್ತಿನಲ್ಲಿ, ಹಿತ್ತಲಲ್ಲಿ ತಣ್ಣೀರನ್ನು ತಲೆಗೆ ಸುರಿದುಕೊಂಡು ದೇವಿಯ ಹೆಸರು ಹೇಳುತ್ತಿದ್ದಳು. ಓಣಿಯ ಅತ್ತೆಯರು ಸೊಸೆಯರಿಗೆ, "ಆ ಅಮ್ಮಾರನ್ನ ನೋಡಿ ಕಲೀರಿ" ಎನ್ನುತ್ತಿದ್ದರು. ಕೆಲವರು ಆ ಒದ್ದೆ ಕಾಲಿಗೆ ನಮಸ್ಕಾರ ಮಾಡಿದ್ದನ್ನೂ ನಾನು ನೋಡಿದ್ದೇನೆ. ನ್ಯುಮೋನಿಯಾ ಆಗುತ್ತದೆ, ಈ ಮೂಢನಂಬಿಕೆ ಬಿಡು ಎಂದು ನಾನು ಗದರಿದರೆ ಒಂದೇ ಉತ್ತರ.

"ದೇವರ ಮಾತಿನಾಗ ನೀ ಬಾಯಿ ಹಾಕಬ್ಯಾಡ."

ಅಣ್ಣನ ಮಗಳು ದೊಡ್ಡವಳಾದಳು. ಫೋನಿನ ಮುಂದೆ ನಿಂತು ಸೆರಗು ಹರಡಿ ತೋರಿಸಿ ಮನೆಯ ಸೀರೆಗಳನ್ನು ದೂರದ ಊರುಗಳಿಗೆ ಮಾರುತ್ತಾಳೆ, ಅವಳ ಬಾಯಿಗೆ ಹೆದರಿ ದಲ್ಲಾಳಿಗಳು ನಮ್ಮ ಮನೆಗೆ ಬರುವುದನ್ನೇ ಬಿಟ್ಟಿದ್ದಾರೆ. ಹುನಗುಂದದ ಒಂದು ಮನೆಗೆ ಸಂಬಂಧ ಕುದುರಿತು. ಹುಡುಗ ಒಳ್ಳೆಯವನು. ಹುಡುಗಿ, "ಮೊದಲ ಎಲ್ಲಾ ಹೇಳಿಬಿಡ್ತೇನಿ" ಎಂದಳು. ವೈನಿ ಅವಳ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡು, ಲಗ್ನ ಆಗುವವರೆಗೆ ಬಾಯಿ ಬಿಡುವುದಿಲ್ಲವೆಂದು ಆಣೆ ಮಾಡಿಸಿದರು. ನಾನು ಜಗಳವಾಡಿದೆ.

"ನೀನು ಶಾಣ್ಯಾಕಿ" ಎಂದರು ವೈನಿ. "ಖರೆ ಹೇಳಿ ಲಗ್ನ ಆಗದ ಕುಂತಾಕಿ."

ಖರೆ ಹೇಳಿದ್ದರಿಂದ ನನ್ನ ಲಗ್ನ ನಿಂತಿರಲಿಲ್ಲ, ನನಗೇ ಬೇಡವಾಗಿತ್ತು. ಆದರೂ ಆ ಮಾತು ಚುಚ್ಚಿತು.

ವೈನಿಯ ಹೆದರಿಕೆಯೆಲ್ಲ ಸುರಗಿ ಶಾಸ್ತ್ರದ್ದು. ನಮ್ಮ ಕಡೆ ಲಗ್ನದಲ್ಲಿ ಅಂಗಳದ ನಾಲ್ಕು ಮೂಲೆಗೆ ತಂಬಿಗೆಗಳನ್ನಿಟ್ಟು, ಸುತ್ತ ನೂಲು ಸುತ್ತಿ, ನಡುವೆ ಮದುಮಕ್ಕಳನ್ನು ಕೂಡ್ರಿಸಿ, ಮುತ್ತೈದೆಯರು ತಲೆಯ ಮೇಲೆ ಬಿಸಿನೀರು ಹಾಕುತ್ತಾರೆ. ನನ್ನ ಪ್ರಯೋಗಶಾಲೆಯ ಬಚ್ಚಲಿನಲ್ಲಿ ಎಷ್ಟು ಜಾಗ್ರತೆಯಿಂದ ಮಾಡುತ್ತೇವೋ ಅದನ್ನೇ ಇಲ್ಲಿ ಬಾಜಾಬಜಂತ್ರಿಯ ಜೊತೆ, ಬೀಗರ ಎದುರಿಗೆ, ಯಾವ ಡಾಕ್ಟರೂ ಇಲ್ಲದೆ ಮಾಡುತ್ತಾರೆ. ಹುಡುಗಿ ಅಲ್ಲಿ ಬಿದ್ದರೆ ತಲೆ ಕಲ್ಲಿಗೆ ಬಡಿಯುತ್ತದೆ, ಲಗ್ನ ಮುರಿಯುತ್ತದೆ. ಯಾವುದಕ್ಕೆ ಹೆಚ್ಚು ಹೆದರಬೇಕೆಂದು ಮನೆಯಲ್ಲಿ ಒಮ್ಮತವಿರಲಿಲ್ಲ.

ವೈನಿ ಒಂದು ಉಪಾಯ ಮಾಡಿದರು. ಅವ್ವ ಗಂಡ ಸತ್ತವಳು, ನಾನು ಲಗ್ನವಾಗದವಳು. ನೂಲಿನ ಹತ್ತಿರ ಇಬ್ಬರಿಗೂ ಜಾಗವಿಲ್ಲ. ಆದರೆ ಹಿತ್ತಲಲ್ಲಿ ಹಂಡೆಗೆ ಉರಿ ಹಾಕಲು ನಾವಾದರೂ ನಡೆಯುತ್ತದೆ. ಅಶುಭದವರು ಕಾಸಿದ ನೀರು ಶುಭಕ್ಕೆ ಹೇಗೆ ಬರುತ್ತದೆ ಎಂದು ಯಾರೂ ಯಾವತ್ತೂ ಕೇಳಿಲ್ಲ, ಕೇಳಿದರೆ ಹೊಗೆಯಲ್ಲಿ ಕೂರುವವರು ಯಾರು? ನಾವಿಬ್ಬರೂ ಕೊಡಗಳಿಗೆ ತಣ್ಣೀರು ಬೆರೆಸಿ ಉಗುರುಬೆಚ್ಚಗೆ ಮಾಡಿ ಅಂಗಳಕ್ಕೆ ಕಳಿಸಬೇಕು, ಅಷ್ಟೆ.

ಮದುಮಕ್ಕಳು ಕುಳಿತರು. ನೂಲು ಸುತ್ತಿದ್ದಾಯಿತು. ವರನ ದೊಡ್ಡವ್ವ ಮೊದಲ ತಂಬಿಗೆ ಎತ್ತಿಕೊಂಡು, ಬೆರಳು ಅದ್ದಿ, ನಿಂತುಬಿಟ್ಟರು. ನಾವು ಹಿತ್ತಲ ಬಾಗಿಲಿನಿಂದ ನೋಡುತ್ತಿದ್ದೆವು.

"ನೀರು ಆರ್ಯಾವಲ್ರಿ" ಎಂದರು ಅವರು. "ಸತ್ತವರನ್ನ ಮಣ್ಣು ಮಾಡಿ ಬಂದವರು ಹಾಕ್ಕೋತಾರ ಇಂಥಾ ನೀರು. ಶುಭದಾಗ ಹಾಕ್ತಾರೇನು?"

"ಹುಡುಗಿಗಿ ನೆಗಡಿ ಆಗೇತ್ರಿ" ಎಂದರು ವೈನಿ. ನೆಗಡಿಯಾದವರ ತಲೆಗೆ ಆರಿದ ನೀರು ಹಾಕುವ ವೈದ್ಯಪದ್ಧತಿ ಆ ಗಳಿಗೆಯಲ್ಲಿ ಹುಟ್ಟಿತು.

"ನೆಗಡಿಗಿ ಸುಡೋ ನೀರ ಬೇಕು" ಎಂದು ದೊಡ್ಡವ್ವ ತಾವೇ ಹಿತ್ತಲಿಗೆ ಬಂದು, ಹಂಡೆಯೊಳಗೆ ತಂಬಿಗೆ ಮುಳುಗಿಸಿ, ಹೊಗೆಯಾಡುವ ನೀರನ್ನು ತುಂಬಿಕೊಂಡು ಹೊರಟರು. ನಾನು ಅಡ್ಡ ನಿಂತೆ. ಎಷ್ಟು ವರ್ಷದ ಓದು ನನ್ನದು! ಬಾಯಿ ತೆರೆದರೆ ಬಂದದ್ದು, "ನೋಡ್ರಿ, ಮಿದುಳಿನಾಗ ಶಾಖದ ಸೂಕ್ಷ್ಮ ಕೇಂದ್ರ ಅಂತ ಇರ್ತೈತಿ" ಎಂಬ ವಾಕ್ಯ. "ಸರೀವಾ, ನೀರು ಆರ್ತಾವ" ಎಂದು ಅವರು ನನ್ನನ್ನು ಭುಜದಿಂದ ತಳ್ಳಿಕೊಂಡು ಮುಂದೆ ಹೋದರು.

ಹುಡುಗಿ ತಂಬಿಗೆಯನ್ನೇ ನೋಡುತ್ತಿದ್ದಳು. ಎದ್ದರೆ ನೂಲು ಹರಿಯುತ್ತದೆ, ಹರಿದರೆ ಅಪಶಕುನ. ದಲ್ಲಾಳಿಗಳನ್ನು ಓಡಿಸಿದ ಆ ಬಾಯಿಗೆ ತಾಯಿಯ ಆಣೆಯ ಬೀಗ. ಅವಳು ಎರಡೂ ಕೈಗಳಿಂದ ನೆತ್ತಿ ಮುಚ್ಚಿಕೊಂಡಳು.

ನನ್ನ ಪಕ್ಕದಿಂದ ಯಾರೋ ಹೋದಂತಾಯಿತು. ಅವ್ವ. ಕೈಯಲ್ಲಿ ಉರಿ ಕೆದಕುವ ಕೋಲು ಹಾಗೇ ಇತ್ತು. ಅಂಗಳಕ್ಕೆ ಇಳಿದಳು, ಮುತ್ತೈದೆಯರ ನಡುವೆ ನುಗ್ಗಿದಳು, ನೂಲು ಅವಳ ಮೊಣಕಾಲಿಗೆ ತಾಗಿ ಹರಿಯಿತು. ಮೊಮ್ಮಗಳ ಮೇಲೆ ಎತ್ತಿದ್ದ ತಂಬಿಗೆಯನ್ನು ಮಣಿಕಟ್ಟಿನ ಸಮೇತ ಹಿಡಿದಳು. ಬಿಸಿನೀರು ತುಳುಕಿ ಅವಳ ಕೈಮೇಲೇ ಬಿತ್ತು.

"ಈ ಹುಡುಗಿಗೆ ಬಿಸಿನೀರು ನೆತ್ತಿಗೆ ಬಿದ್ರ ಫಿಟ್ಸ್ ಬರ್ತಾವ" ಎಂದಳು ಅವ್ವ. ದನಿ ಏರಿರಲಿಲ್ಲ. "ನನ್ನಿಂದ ಬಂದಾವ. ಲಗ್ನ ಆಗಿ ಈ ಮನಿಗೆ ಬಂದ ವರ್ಷ ಇದ ಬಚ್ಚಲದಾಗ ನಾ ಬಿದ್ದಿದ್ದೆ. ನಮ್ಮತ್ತಿ ದೆವ್ವದ ಗಾಳಿ ಅಂದ್ಲು, ತವರಿಗೆ ಕಳಸ್ತೇನಿ ಅಂದ್ಲು. ಬನಶಂಕರಿ ಹರಕಿ ಐತಿ, ಇನ್ನ ತಣ್ಣೀರ ಹಾಕ್ಕೋತೇನಿ ಅಂತ ಸುಳ್ಳು ಹೇಳಿ ಉಳಕೊಂಡೆ. ಆ ತಾಯಿ ಇಷ್ಟು ವರ್ಷ ನನ್ನ ಸುಳ್ಳು ಹೊತ್ತಾಳ. ಇನ್ನ ಆಕಿಗೂ ಸಾಕು, ನನಗೂ ಸಾಕು."

ಬಾಜಾದವರು ನಿಲ್ಲಿಸಿದರು. ನಮ್ಮ ಓಣಿಯ ಹೆಂಗಸರು, ಆ ಒದ್ದೆ ಕಾಲಿಗೆ ನಮಸ್ಕಾರ ಮಾಡಿದವರು, ತಮ್ಮ ನಮಸ್ಕಾರಗಳನ್ನು ವಾಪಸು ಕೇಳುವವರಂತೆ ನೋಡುತ್ತಿದ್ದರು. ನಾನು ಬಾಗಿಲಿನಲ್ಲಿ ನಿಂತಿದ್ದೆ. ಬಾದಾಮಿಯ ಶಾಮಿಯಾನದಲ್ಲಿ ಮೈಕು ಹಿಡಿದು ನಾನು ಹುಡುಕಿದವಳು ನನ್ನ ಮನೆಯಲ್ಲೇ ನೂಲು ಬಿಡಿಸುತ್ತ ಕುಳಿತಿದ್ದಳು ಎಂದು ಆಗ ತಿಳಿಯಿತು.

ವರನ ತಾಯಿಯ ಮುಖ ಕಪ್ಪಿಟ್ಟಿತು. "ಇಂಥಾ ಮಾತು ಮುಚ್ಚಿಟ್ಟು ಹೆಣ್ಣು ಕೊಡಾಕ ಬಂದೀರೇನು?" ಎಂದರು.

ಅಷ್ಟರಲ್ಲಿ ವರ ಬಾಯಿ ಬಿಟ್ಟ. "ನನಗ ಗೊತ್ತೈತಿ ಬೇ ಅವ್ವಾ. ಆಕಿ ಮೊದಲ ಹೇಳ್ಯಾಳ. ನಾನ ನಿನಗ ಹೇಳಿಲ್ಲ, ನೀ ಬೈತಿ ಅಂತ."

ಅಂದರೆ ಹುಡುಗಿ ಆಣೆ ಮುರಿದಿದ್ದಳು, ವೈನಿ ಬದುಕಿಯೇ ಇದ್ದರು. ಇಷ್ಟು ದಿನ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದ ಗಂಡಸಿಗೆ ಧೈರ್ಯ ಬರಲು ಒಬ್ಬ ಮುದುಕಿ ಮೊದಲು ಮಾತಾಡಬೇಕಾಯಿತು. ಆದರೂ ಆಡಿದನಲ್ಲ, ಆ ಮಟ್ಟಿಗೆ ಅವನಿಗೆ ಅಂಕ ಕೊಟ್ಟೆ.

ವರನ ತಾಯಿ ನನ್ನ ಕಡೆ ತಿರುಗಿ, ಹುಟ್ಟುವ ಮಕ್ಕಳಿಗೂ ಬರುತ್ತದೆಯೇ ಎಂದು ಕೇಳಿದರು. ಆಗ ಮಾತ್ರ ನಾನು ಮನುಷ್ಯರಂತೆ ಮಾತಾಡಿದೆ. "ಬರಬಹುದ್ರಿ, ಬರದನೂ ಇರಬಹುದು. ಬಂದ್ರ ಗುಳಿಗಿ ಅದಾವ. ನೀರು ಉಗುರುಬೆಚ್ಚಗಿದ್ರ ಮುಗೀತು."

ಅವರು ಮಗನನ್ನು ನೋಡಿದರು, ನೆರೆದವರನ್ನು ನೋಡಿದರು, ಪೆಂಡಾಲಿನ ಕಡೆ ನೋಡಿದರು. ಅಲ್ಲಿ ಗೋಧಿ ಹುಗ್ಗಿಗೆ ಬೆಲ್ಲ ಹಾಕಿಯಾಗಿತ್ತು, ವಾಸನೆ ಅಂಗಳದವರೆಗೆ ಬರುತ್ತಿತ್ತು. ಅವರ ಮನಸ್ಸು ಕರಗಿತು ಎಂದು ಬರೆಯಲು ನನಗೂ ಆಸೆಯಿದೆ. ಖರೆ ಹೇಳಬೇಕೆಂದರೆ, ಅಷ್ಟು ಮಂದಿಯ ಹುಗ್ಗಿಯನ್ನು ಕೆಡಿಸುವಷ್ಟು ಸಿಟ್ಟು ನಮ್ಮ ಕಡೆಯವರಿಗೆ ಬರುವುದಿಲ್ಲ. "ಆ ಬೆಚ್ಚಗಿನ ನೀರ ತರ್ರಿ" ಎಂದರು. ಅಣ್ಣ ಬಗ್ಗಿ ಹರಿದ ನೂಲಿನ ಎರಡು ತುದಿ ಹಿಡಿದು ಗಂಟು ಹಾಕಿದ. ಅಪಶಕುನವೆಂದು ಯಾರೋ ಗೊಣಗಿದರು. ನೇಕಾರರ ಮನೆಯಲ್ಲಿ ದಿನವಿಡೀ ಎಳೆ ಹರಿಯುತ್ತದೆ, ಅದಕ್ಕೆ ಅಳುತ್ತ ಕುಳಿತರೆ ಸೀರೆ ಆಗುವುದಿಲ್ಲ. ಲಗ್ನವಾಯಿತು, ಹುಗ್ಗಿ ಖರ್ಚಾಯಿತು, ಹುಡುಗಿ ಹುನಗುಂದಕ್ಕೆ ಹೋದಳು.

ಮರುದಿನ ಸಂಜೆ ಅವ್ವನ ಸುಟ್ಟ ಕೈಗೆ ಮುಲಾಮು ಹಚ್ಚುತ್ತ ಕೇಳಿದೆ. "ಉಗುರುಬೆಚ್ಚಗಿನ ನೀರು ನಡೀತೈತಿ ಅಂತ ಆಕಿಗೆ ಡಾಕ್ಟರ್ ಹೇಳಿದ್ದು ನಿನಗ ಗೊತ್ತಿತ್ತಲ್ಲ. ದಿನಾ ಮೊಮ್ಮಗಳಿಗೆ ನೀರು ಬೆರೆಸಿ ಕೊಡ್ತಿದ್ದಾಕಿ ನೀನ."

"ಗೊತ್ತಿತ್ತು."

"ಮತ್ತ ನೀ ಯಾಕ ಹಾಕ್ಕೊಳಿಲ್ಲ?"

"ವ್ರತ ಬಿಟ್ರ ಮಂದಿ ಯಾಕ ಬಿಟ್ಟಿ ಅಂತ ಕೇಳ್ತಾರ. ಏನಂತ ಹೇಳ್ಲಿ?"

ನನಗೆ ಸಿಟ್ಟು ಬಂತು, ಅದರ ಹಿಂದೆಯೇ ಅಳು ಬಂತು. ಮೊಮ್ಮಗಳ ನೀರಿನಲ್ಲಿ ಕೈಯಾಡಿಸಿ, ಹದ ನೋಡಿ, ಕೊಟ್ಟು, ತಾನು ಹಿತ್ತಲಿಗೆ ಹೋಗಿ ತಣ್ಣೀರು ಸುರಿದುಕೊಂಡವಳು. ದೇವಿಗೆ ಹೆದರಿ ಅಲ್ಲ, ಎದುರುಮನೆಗೆ ಹೆದರಿ.

ಅದರ ಮರುದಿನ ಬೆಳಿಗ್ಗೆ, ನಮ್ಮ ಡಾಕ್ಟರನ್ನು ಫೋನಿನಲ್ಲಿ ಕೇಳಿಕೊಂಡು, ನಾನೇ ನೀರು ಬೆರೆಸಿದೆ. ಹಿತ್ತಲಲ್ಲಿ ಅವ್ವ ಸೀರೆ ಸುತ್ತಿಕೊಂಡು ಕಲ್ಲಿನ ಮೇಲೆ ಕುಳಿತಳು. ಮೊದಲು ಕಾಲಿಗೆ ಹಾಕಿದೆ, ಬೆನ್ನಿಗೆ ಹಾಕಿದೆ. ಅವಳು ಹಲ್ಲು ಕಚ್ಚಿಕೊಂಡೇ ಇದ್ದಳು. ತಲೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಸ್ವಲ್ಪ ಹೊತ್ತಿಗೆ ಅವಳ ಭುಜಗಳು ಇಳಿದವು.

"ಇನ್ನೊಂದು ತಂಬಿಗಿ ಹಾಕು" ಎಂದಳು.

ಬಾಜೂ ಮನೆಯ ಸೊಸೆ, ನಮ್ಮ ಹಿತ್ತಲ ಗೋಡೆಯಾಚೆ ಬಟ್ಟೆ ಒಣಹಾಕಲು ಬಂದವಳು, ಇಣುಕಿದಳು. ಲಗ್ನದ ದಿನ ಅಂಗಳದಲ್ಲಿ ಅವಳೂ ಇದ್ದಳು. ಆದರೂ ಏನೂ ಗೊತ್ತಿಲ್ಲದವಳಂತೆ ಕೇಳಿದಳು.

"ವ್ರತ ಮುಗೀತೇನ್ರಿ ಅಮ್ಮಾರ?"

"ವ್ರತ ಎಲ್ಲಿದು ತಂಗಿ, ಬ್ಯಾನಿ ಅದು" ಎಂದಳು ಅವ್ವ. "ನಿಮ್ಮನ್ಯಾಗ ಯಾರಿಗರ ಐತೇನು?"

"ನಮ್ಮನ್ಯಾಗ ಯಾರಿಗೂ ಇಲ್ರಿ."

ನನಗೆ ನಗು ಬಂತು. ತಂಬಿಗೆ ತುಂಬಿ ಅವ್ವನ ಬೆನ್ನಿಗೆ ಹಾಕಿದೆ, ಮತ್ತೊಂದು ತುಂಬಿದೆ. ಗೋಡೆಯಾಚೆ ಬಟ್ಟೆ ಜಾಡಿಸುವ ಸದ್ದು ಬರಲಿಲ್ಲ. ತಲೆಯೆತ್ತಿ ನೋಡಿದರೆ ಅವಳು ಒದ್ದೆ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡು ಅಲ್ಲೇ ನಿಂತಿದ್ದಳು, ಒಮ್ಮೆ ತನ್ನ ಮನೆಯ ಬಾಗಿಲಿನ ಕಡೆ ತಿರುಗಿ ನೋಡಿದಳು.

"ಅಕ್ಕಾರ" ಎಂದಳು ನನಗೆ, ದನಿ ತಗ್ಗಿಸಿ. "ನೀರು ಎಷ್ಟು ಬೆಚ್ಚಗಿರಬೇಕ್ರಿ?"